ಬ್ರಾಂಚ್ ಬದಲಿಸಲೇ, ಮುಂದುವರಿಸಲೇ?: ಓದುಗರ ಸ್ಪಂದನ

ಸಮಸ್ಯೆ: ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಗದೆ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್ ಸೇರಿದೆ. ಮೊದಲ ವರ್ಷ ಮುಗಿಯುತ್ತ ಬಂತು. ಅದು ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಕೋರ್ಸು ಎನ್ನುತ್ತಾರೆ ಸೀನಿಯರ್‌ಗಳು. ಅಪ್ಪ ಸಾಲ ಮಾಡಿ ಓದಿಸುತ್ತಿದ್ದಾರೆ. ಏನು ಮಾಡಲಿ?
ವಿದ್ಯಾರ್ಥಿನಿ, ತುಮಕೂರು

ತಂಗಿ, ಆ ಸ್ಟಾಪ್‌ವಾಚೇ ನನಗೆ ಅನ್ನ ಕೊಟ್ಟಿದ್ದು. ಗಾರ್ಮೆಂಟ್ಸ್ ಫ್ಯಾಕ್ಟರಿಯ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಅಳೆಯುತ್ತೇನೆ. ಒಂದು ಶರ್ಟ್ ಲೈನ್ ಇದೆ ಅಂದುಕೋ. ಬೇರೆಲ್ಲ ಕೆಲಸಕ್ಕೆ ತಲಾ 30 ಸೆಕೆಂಡ್, ಕಾಲರ್ ಕೂರಿಸಲು ಮಾತ್ರ 50. ಇಡೀ ಲೈನು ಆ ನಿಧಾನದ ಕೆಲಸಕ್ಕೆ ಕಾಯಬೇಕು. ಆಗ ಗಂಟೆಗೆ 120 ಶರ್ಟ್ ಬರುವುದಿಲ್ಲ, 72 ಬರುತ್ತದೆ. ಸೂಪರ್‌ವೈಸರ್ ಕಾಲರ್ ಹೊಲಿಯುವ ಅಕ್ಕನ ಮೇಲೆ ಕೂಗಾಡುತ್ತಾನೆ. ಲೆಕ್ಕ ಬಲ್ಲವರು ಆ ಜಾಗಕ್ಕೆ ಇನ್ನೊಂದು ಮಷೀನು, ಇನ್ನೊಬ್ಬ ಆಪರೇಟರ್ ಕೊಡಿಸುತ್ತಾರೆ. 120 ಬರುತ್ತದೆ, ಕೂಗಾಟವೂ ನಿಲ್ಲುತ್ತದೆ. ಇನ್ನೊಂದು ವಿಷಯ. ವಾಚಿನಲ್ಲಿ ಕಂಡ ಸಮಯವನ್ನೇ ಟಾರ್ಗೆಟ್ ಮಾಡುವಂತಿಲ್ಲ. ಹೊಲಿಯುವವಳ ವೇಗ ಸಾಮಾನ್ಯಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ರೇಟಿಂಗ್ ಹಾಕಿ, ದಣಿವಿಗೆ, ನೀರು ಕುಡಿಯಲು, ಶೌಚಕ್ಕೆ ಹೋಗಿಬರಲು ಅಲೋಯನ್ಸ್ ಅಂದರೆ ಹೆಚ್ಚುವರಿ ಸಮಯ ಸೇರಿಸಿದ ಮೇಲೇ ಅದು ಸ್ಟ್ಯಾಂಡರ್ಡ್ ಟೈಮ್. ಅಲೋಯನ್ಸ್ ನುಂಗಿ ಹಾಕಿದ ಟಾರ್ಗೆಟ್ ಹೊಲಿಯುವವಳ ಬೆನ್ನು ಮುರಿಯುತ್ತದೆ. ಇದು ತಪ್ಪು ಎಂದು ಲೆಕ್ಕ ಮುಂದಿಟ್ಟು ಮ್ಯಾನೇಜರ್ ಎದುರು ಹೇಳಬಲ್ಲವಳು ಐಇ ಓದಿದವಳೇ. ನಿನ್ನಂಥವರು ಬೇಕಮ್ಮ ಇಲ್ಲಿ.
ಗಾರ್ಮೆಂಟ್ಸ್ ಉದ್ಯೋಗಿ, ಬೆಂಗಳೂರು

ಮಗಳೇ, ನೀನಿನ್ನೂ ನಿನ್ನ ಬ್ರಾಂಚನ್ನು ನೋಡಿಯೇ ಇಲ್ಲ. ಮೊದಲ ವರ್ಷ ಹೆಚ್ಚಾಗಿ ಎಲ್ಲರಿಗೂ ಮೂಲ ವಿಷಯಗಳೇ, ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್. ವರ್ಕ್ ಸ್ಟಡಿ, ಆಪರೇಷನ್ಸ್ ರಿಸರ್ಚ್, ಎರ್ಗನಾಮಿಕ್ಸ್ (ಕೆಲಸವನ್ನು ದೇಹಕ್ಕೆ ಹೊಂದಿಸುವ ವಿದ್ಯೆ), ಕ್ವಾಲಿಟಿ ಕಂಟ್ರೋಲ್ ಎಲ್ಲ ಇನ್ನು ಮುಂದೆ ಬರುತ್ತವೆ. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ, ಗುಣಮಟ್ಟ ಹದ ತಪ್ಪುತ್ತಿದೆಯೇ ಎಂದು ತೋರಿಸುವ ಕಂಟ್ರೋಲ್ ಚಾರ್ಟ್ ಇಂದಿಗೂ ಕಾರ್ಖಾನೆಗಳ ಗೋಡೆಯ ಮೇಲಿದೆ. ಸ್ವಾತಂತ್ರ್ಯ ಬಂದ ವರ್ಷವೇ ನಮ್ಮ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಆ ಶೂಹಾರ್ಟ್ ಅವರನ್ನು ಭಾರತಕ್ಕೆ ಕರೆಸಿಕೊಂಡಿದ್ದರು. ನಮ್ಮ ದೇಶಕ್ಕೆ ಈ ವಿದ್ಯೆಯ ತುರ್ತು ಅಷ್ಟಿತ್ತು. ಮುಂದೆ ಓದಬೇಕೆಂದರೆ ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಪ್ರೊಡಕ್ಷನ್ ಅಂಡ್ ಇಂಡಸ್ಟ್ರಿಯಲ್ ಎಂಜಿನಿಯರಿಂಗ್‌ಗೆ ಪ್ರತ್ಯೇಕ ಪತ್ರಿಕೆಯೇ ಇದೆ. ಈ ವಿಷಯಕ್ಕೆಂದೇ 1963ರಲ್ಲಿ ಹುಟ್ಟಿದ ಮುಂಬೈನ ನಿಟೀ ಸಂಸ್ಥೆ 2023ರಲ್ಲಿ ಐಐಎಂ ಆಯಿತು. ಸ್ಟ್ಯಾಟಿಸ್ಟಿಕ್ಸನ್ನು ಮಾತ್ರ ಈಗಿನಿಂದಲೇ ಗಟ್ಟಿ ಮಾಡಿಕೋ.
ನಿವೃತ್ತ ಅಧ್ಯಾಪಕ, ಮೈಸೂರು

ನಿಮಗೆ ಕೋಡಿಂಗ್ ಇಷ್ಟವೋ, ಸಿಎಸ್ ಎಂಬ ಹೆಸರು ಇಷ್ಟವೋ? ಕೋಡಿಂಗ್‌ಗೇ ಜೀವ ಮಿಡಿಯುತ್ತಿದ್ದರೆ ಸಂಕೋಚ ಬೇಡ. ಎರಡನೇ ವರ್ಷಕ್ಕೆ ಹೋಗುವಾಗ ಖಾಲಿ ಸೀಟಿದ್ದರೆ ಅಂಕಗಳ ಮೇಲೆ ಬ್ರಾಂಚ್ ಬದಲಾವಣೆಗೆ ಅವಕಾಶವಿರುತ್ತದೆ. ಕಾಲೇಜಿನ ಕಚೇರಿಯಲ್ಲಿ ಈಗಲೇ ವಿಚಾರಿಸಿ. ಮತ್ತೆ ಸಿಇಟಿ ಬರೆದು ಒಂದು ವರ್ಷ ಕಳೆಯುವುದನ್ನು ಮಾತ್ರ, ಅಪ್ಪನ ಸಾಲ ನೆನೆದು, ನಾನು ಒಪ್ಪುವುದಿಲ್ಲ. ಸೀಟು ಸಿಗದಿದ್ದರೂ ದಾರಿ ಮುಚ್ಚಿತು ಎಂದುಕೊಳ್ಳಬೇಡಿ. ಯಾವ ಲಾರಿ ಯಾವ ದಾರಿಯಲ್ಲಿ ಎಷ್ಟು ಸರಕು ಹೊತ್ತರೆ ಖರ್ಚು ಕಡಿಮೆ ಎಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಅದರ ಬುಡದಲ್ಲಿರುವ ಲೀನಿಯರ್ ಪ್ರೋಗ್ರಾಮಿಂಗ್ (ಇತಿಮಿತಿಯೊಳಗೆ ಅತಿ ಕಡಿಮೆ ಖರ್ಚು ಹುಡುಕುವ ಗಣಿತ), ಅದನ್ನು ಬಿಡಿಸಲು ಗಣಿತಜ್ಞ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಕೊಟ್ಟ ಸಿಂಪ್ಲೆಕ್ಸ್ ವಿಧಾನ ನಿಮ್ಮ ಸಿಲಬಸ್‌ನಲ್ಲೇ ಬರುತ್ತವೆ. ಜೊತೆಗೆ ಪೈಥಾನ್ ಕಲಿತರೆ ಸಾಕು.
ಸಾಫ್ಟ್‌ವೇರ್ ಎಂಜಿನಿಯರ್, ಪುಣೆ

ಫ್ಯಾಕ್ಟರಿಯ ಹೊರಗೂ ಈ ಓದಿಗೆ ಕೆಲಸವಿದೆ ಎಂದು ಹೇಳಲು ಬರೆಯುತ್ತಿದ್ದೇನೆ. ಆಸ್ಪತ್ರೆಯ ಆಡಳಿತ ನೋಡಿಕೊಳ್ಳುತ್ತೇನೆ. ಗಂಟೆಗೆ 30 ರೋಗಿಗಳು ಬರುತ್ತಾರೆ, ಸರಾಸರಿ 60 ಜನ ಒಳಗಿರುತ್ತಾರೆ ಎಂದರೆ ಒಬ್ಬೊಬ್ಬರೂ ಸರಾಸರಿ ಎರಡು ಗಂಟೆ ಅಲ್ಲೇ ಕಳೆಯುತ್ತಾರೆ. ಇದು ಲಿಟಲ್ಸ್ ಲಾ ಎಂಬ ಸರದಿ ಸಾಲಿನ ಲೆಕ್ಕ. ಹಳ್ಳಿಯಿಂದ ಬಸ್ಸು ಹಿಡಿದು ಬಂದ ಮುದುಕರಿಗೆ ಆ ಎರಡು ಗಂಟೆಯೆಂದರೆ ಒಂದು ಹೊತ್ತಿನ ಊಟ ತಪ್ಪಿದಂತೆ, ಊರಿನ ಕೊನೇ ಬಸ್ಸೂ ತಪ್ಪಬಹುದು. ರಜೆಯಲ್ಲಿ ನಿಮ್ಮೂರ ಆಸ್ಪತ್ರೆಯೊಂದರಲ್ಲಿ ಅನುಮತಿ ಪಡೆದು, ಹೊರರೋಗಿ ವಿಭಾಗದಲ್ಲಿ ಒಂದು ಬೆಳಗ್ಗೆ ಕೂತುಕೊಳ್ಳಿ. ಚೀಟಿಗೆ ಎಷ್ಟು ಹೊತ್ತು, ಡಾಕ್ಟರ ಬಾಗಿಲಲ್ಲಿ ಎಷ್ಟು, ಔಷಧಿ ಕೌಂಟರಿನಲ್ಲಿ ಎಷ್ಟು, ಬರೆದುಕೊಳ್ಳಿ. ಬ್ರಾಂಚ್ ಬದಲಾವಣೆಯ ಅರ್ಜಿ ಹಾಕುವ ಮೊದಲು ಆ ಹಾಳೆಯನ್ನು ನಿಮ್ಮ ವಿಭಾಗದ ಮೇಷ್ಟ್ರಿಗೊಮ್ಮೆ ತೋರಿಸಿ ಮಾತಾಡಿ.
ಓದುಗ, ಹುಬ್ಬಳ್ಳಿ