ಸಹಾಯ ಬೇಕು: ಮಳೆಗಾಲದಲ್ಲಿ ಸೀ ಹ್ಯಾರಿಯರ್ ಮಾಡೆಲ್‌ಗೆ ಮಂಜು ಕೂತಿದೆ

ಎಲ್ಲರಿಗೂ ನಮಸ್ಕಾರ. ನಾವು ಕಾರವಾರದವರು. ನಾನು, ಮಗ ಸೇರಿ 1/72 ಅಳತೆಯ (ಅಸಲಿಗಿಂತ 72 ಪಟ್ಟು ಚಿಕ್ಕ) ಸೀ ಹ್ಯಾರಿಯರ್ ಯುದ್ಧವಿಮಾನದ ಮಾಡೆಲ್ ಕಿಟ್ ಜೋಡಿಸಿದ್ದೇವೆ. 2016ರವರೆಗೆ ಇಲ್ಲೇ ಪಕ್ಕದ ಗೋವಾದಿಂದ ನಮ್ಮ ನೌಕಾಪಡೆಗೆ ಹಾರುತ್ತಿದ್ದ ವಿಮಾನ ಅಲ್ವಾ, ಅದಕ್ಕೇ ಆಸೆಪಟ್ಟು ತಂದದ್ದು. ಕಡಿಮೆ ಬೆಲೆಯ ಕಿಟ್. ರೆಕ್ಕೆ ಕೂರುವಲ್ಲಿ ಉಗುರು ಹೋಗುವಷ್ಟು ಸಂದು ಇತ್ತು. ಪುಟ್ಟಿ ತುಂಬಿ, 600ರ ವಾಟರ್ ಪೇಪರಿನಲ್ಲಿ ಉಜ್ಜಿದ ಮೇಲೆ ಸರಿಹೋಯಿತು.

ತೊಂದರೆ ಆಮೇಲೆ. ಜೋರು ಮಳೆಯ ದಿನವೇ ಸ್ಪ್ರೇ ಕ್ಯಾನಿನಿಂದ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡೆದೆ. ಬೂದು ಬಣ್ಣದ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಪದರ ಕೂತಿದೆ. ಗಾಳಿಯ ತೇವದಿಂದ ಹೀಗಾಗುತ್ತದೆ ಅಂತ ಗೊತ್ತು. ಬಣ್ಣ ಪೂರ್ತಿ ತೆಗೆಯದೆ ಇದನ್ನು ಹೋಗಿಸುವುದು ಹೇಗೆ? ಮಗ ಉಸಿರು ಬಿಗಿಹಿಡಿದು ಅಂಟಿಸಿದ ಬಿಳಿ ಹುಲಿಯ ಡೆಕಾಲ್ (ಆ ವಿಮಾನಗಳ ತುಕಡಿಯ ಗುರುತಿನ ತೆಳು ಸ್ಟಿಕ್ಕರ್) ಅದರಡಿಯಲ್ಲೇ ಇದೆ, ಅದು ಹಾಳಾಗಬಾರದು. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ನಮ್ಮಲ್ಲಿ ಇಲ್ಲ. ಕರಾವಳಿಯ ಮಳೆಯಲ್ಲೂ ಬಣ್ಣ ಹೊಡೆದು ಅನುಭವ ಇದ್ದವರು ದಯವಿಟ್ಟು ಹೇಳಿ.