‘ಡೆಟೆನ್ಯೂ’ ಪದಕ್ಕೆ ಕನ್ನಡದಲ್ಲಿ ಏನು? (ಬೆಂಗಳೂರು ಸೆಂಟ್ರಲ್ ಜೈಲು, 1975–77)

ಆತ್ಮೀಯರೇ,

ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದವರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಈಗ ಫ್ರೀಡಂ ಪಾರ್ಕ್ ಇರುವ ಜಾಗವೇ ಅದು. ವಿಚಾರಣೆಯಿಲ್ಲದೆ, ಸರ್ಕಾರದ ಆದೇಶದ ಮೇಲೆ ಬಂಧನದಲ್ಲಿಟ್ಟ ವ್ಯಕ್ತಿಗೆ ಇಂಗ್ಲಿಷಿನಲ್ಲಿ ಹೇಳುವ ‘ಡೆಟೆನ್ಯೂ’ ಎಂಬ ಪದ ಹೆಜ್ಜೆಹೆಜ್ಜೆಗೂ ಅಡ್ಡ ಬರುತ್ತಿದೆ. ಕನ್ನಡದಲ್ಲಿ ಏನು ಬರೆಯಲಿ?

ಜೈಲಿನ ಕಡತಗಳಲ್ಲಿ ಎರಡು ಪದ ಚೆನ್ನಾಗಿ ನೆಲೆ ನಿಂತಿವೆ. ಶಿಕ್ಷೆಯಾದವರು ಸಜಾ ಬಂದಿಗಳು, ಕೇಸು ನಡೆಯುತ್ತಿರುವವರು ವಿಚಾರಣಾಧೀನ ಬಂದಿಗಳು. ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಅವಕಾಶ ಕೊಟ್ಟಿದ್ದ ಮೀಸಾ (ಆಂತರಿಕ ಭದ್ರತಾ ನಿರ್ವಹಣಾ) ಕಾಯ್ದೆಯಡಿ ಒಳಗೆ ಹೋದವರು ಎರಡೂ ಅಲ್ಲ. 1975ರ ಜೂನ್ 26ರಂದು ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧನವಾದದ್ದು ಬೆಂಗಳೂರಿನಲ್ಲೇ. ಸಂಸದೀಯ ಸಮಿತಿಯ ಸಭೆಗೆಂದು ಬಂದಿದ್ದವರು ಸೆಂಟ್ರಲ್ ಜೈಲು ಸೇರಿದರು. ಮೂರೇ ದಿನಕ್ಕೆ ಸುಗ್ರೀವಾಜ್ಞೆ ಹೊರಟು, ಹಿಡಿದದ್ದು ಯಾಕೆಂದು ಬಂಧಿತರಿಗೆ ಹೇಳುವ ಹಂಗೂ ಸರ್ಕಾರಕ್ಕೆ ಉಳಿಯಲಿಲ್ಲ. ಆರೋಪವನ್ನೇ ತಿಳಿಸದ ಮೇಲೆ ಅವರನ್ನು ‘ಆರೋಪಿ’ ಎನ್ನುವುದು ಹೇಗೆ?

ಸ್ನೇಹಲತಾ ರೆಡ್ಡಿಯವರ ವಿಷಯಕ್ಕೆ ಬಂದಾಗ ಈ ತೊಡಕು ನನಗೆ ಬಹಳ ನೋವು ಕೊಡುತ್ತದೆ. ‘ಸಂಸ್ಕಾರ’ ಚಿತ್ರದ ಚಂದ್ರಿ ಎಂದರೆ ಎಲ್ಲರಿಗೂ ನೆನಪಾಗುತ್ತಾರೆ. 1976ರ ಮೇ ತಿಂಗಳಲ್ಲಿ ಅವರನ್ನು ಹಿಡಿದದ್ದು ಬರೋಡಾ ಡೈನಮೈಟ್ ಪ್ರಕರಣದ (ಜಾರ್ಜ್ ಫರ್ನಾಂಡಿಸ್ ಮತ್ತಿತರರ ಮೇಲೆ ಹೂಡಿದ್ದ ಸ್ಫೋಟದ ಸಂಚಿನ ಕೇಸು) ಹೆಸರಿನಲ್ಲಿ. ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಬಿಡಲಿಲ್ಲ, ಮೀಸಾ ಅಡಿಯಲ್ಲಿ ಒಳಗೇ ಇಟ್ಟರು. ತೀವ್ರ ಆಸ್ತಮಾ ಇದ್ದ ಹೆಣ್ಣುಮಗಳು ಎಂಟು ತಿಂಗಳು ಆ ಜೈಲಿನಲ್ಲಿ ಉಸಿರಿಗಾಗಿ ಒದ್ದಾಡಿದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದು 20ರಂದು ತೀರಿಕೊಂಡರು. ಇಂಥವರನ್ನು ‘ಕೈದಿ’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಓದುವವರು ಮೊದಲು ಕೇಳುವುದೇ ‘ಏನು ಮಾಡಿದ್ದರು?’ ಎಂದು.

‘ರಾಜಕೀಯ ಕೈದಿ’ ಎಂದರೆ ಆಗದೇ ಎಂದು ಕೆಲವರು ಕೇಳಿದರು. ಅದರಲ್ಲಿ ಇನ್ನೊಂದು ಗೊಂದಲವಿದೆ. ಭಾರತ ರಕ್ಷಣಾ ನಿಯಮದಡಿ ಒಳಗಾದವರೂ ರಾಜಕೀಯದವರೇ, ಆದರೆ ಅವರ ಮೇಲೆ ಕೇಸು ಇರುತ್ತಿತ್ತು, ಜಾಮೀನು ಕೇಳಬಹುದಿತ್ತು. ಮೀಸಾದವರಿಗೆ ಆ ದಾರಿಯಿರಲಿಲ್ಲ. 1976ರ ಏಪ್ರಿಲ್ 28ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಬಿಯಸ್ ಕಾರ್ಪಸ್ (ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ) ಬಾಗಿಲನ್ನೂ ಮುಚ್ಚಿತು. ಒಪ್ಪದೆ ನಿಂತವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಹೀಗಿರುವಾಗ ಇಬ್ಬರಿಗೂ ಒಂದೇ ಪದ ಹಾಕಿದರೆ ಮುಖ್ಯ ವ್ಯತ್ಯಾಸವೇ ಅಳಿಸಿಹೋಗುತ್ತದೆ.

‘ಸ್ಥಾನಬದ್ಧ’ ಕಾನೂನಿನ ಬರಹಗಳಲ್ಲಿ ಕಾಣುತ್ತದೆ, ಆದರೆ ಓದುಗರಿಗೆ ಸೆರೆಮನೆಯ ನೆನಪನ್ನೇ ತರುವುದಿಲ್ಲ. ‘ಸೆರೆಯಾಳು’ ಕಿವಿಗೆ ಹಿತ, ಆದರೆ ಯುದ್ಧದಲ್ಲಿ ಸಿಕ್ಕಿಬಿದ್ದವನ ಚಿತ್ರ ಕಟ್ಟುತ್ತದೆ. ಹಿಂದಿ, ಬಂಗಾಳಿಗಳ ‘ರಾಜಬಂದಿ’ ಕನ್ನಡಕ್ಕೆ ಬಂದರೆ ಸೆರೆಸಿಕ್ಕ ರಾಜನಾದಾನು. ಸದ್ಯಕ್ಕೆ ‘ಮೀಸಾ ಬಂದಿ’ ಎಂದೇ ಬರೆದಿದ್ದೇನೆ. ಆ ಕಾಲದ ಮಟ್ಟಿಗೆ ಅದಕ್ಕಿಂತ ಸ್ಪಷ್ಟವಾದ ಪದ ನನಗಂತೂ ತೋಚಿಲ್ಲ. ಆದರೆ 1978ರಲ್ಲಿ ರದ್ದಾದ ಕಾಯ್ದೆಯ ಹೆಸರನ್ನು ಬೇರೆ ಕಾಲದ, ಬೇರೆ ಕಾನೂನಿನ ಬಂಧಿತರಿಗೆ ಹಚ್ಚಲಾಗದು. ‘ಮುನ್ನೆಚ್ಚರಿಕೆ ಬಂಧನ’ ಪತ್ರಿಕೆಗಳಲ್ಲಿ ರೂಢಿಯಲ್ಲಿದೆ, ಸರಿ. ಆ ಬಂಧನದಲ್ಲಿರುವ ವ್ಯಕ್ತಿಗೆ ಏನೆನ್ನೋಣ? ‘ತಡೆಬಂದಿ’ ಎಂದು ಕಟ್ಟಿಕೊಂಡರೆ ಕೇಳುವಂತಿದೆಯೇ?

ಜೊತೆಗೆ ಕಾಗುಣಿತದ ಪ್ರಶ್ನೆಯೊಂದು. ಬಂದೀಖಾನೆಯಲ್ಲಿ ಅಲ್ಪಪ್ರಾಣ, ಬಂಧನದಲ್ಲಿ ಮಹಾಪ್ರಾಣ. ವ್ಯಕ್ತಿಗೆ ‘ಬಂದಿ’, ‘ಬಂಧಿ’ ಎರಡೂ ಅಚ್ಚಾಗುತ್ತಿವೆ. ನಾನು ‘ಬಂದಿ’ಯನ್ನೇ ಇಟ್ಟುಕೊಂಡಿದ್ದೇನೆ. ಹಳೆಯ ಪತ್ರಿಕೆಗಳಲ್ಲಿ ಜೈಲಿನ ಸುದ್ದಿ ಓದಿದ ಹಿರಿಯರು, ಆಗ ಯಾವ ಪದ ಬಳಕೆಯಲ್ಲಿತ್ತೆಂದು ತಿಳಿಸಿದರೆ ದೊಡ್ಡ ಉಪಕಾರ.