ಟೀ ಶರ್ಟ್ ಪ್ರಿಂಟಿಗೆ ಯಾವ ಫೈಲ್ ಕೊಡಬೇಕು? ತುಮಕೂರಿನ ಪ್ರಿಂಟರಿಗೆ ಕೇಳಿದ್ದು

ಪ್ರಶ್ನೆ (ಗುಬ್ಬಿಯಿಂದ):
ನಮಸ್ತೆ ಅಣ್ಣ. ನವೆಂಬರ್ 1ಕ್ಕೆ ನಮ್ಮ ಹುಡುಗರ ಬಳಗಕ್ಕೆ 70 ಟೀ ಶರ್ಟ್ ಮಾಡಿಸ್ತಿದೀವಿ. ಹಳದಿ ಬಟ್ಟೆ. ಬೆನ್ನ ಮೇಲೆ ಗುಬ್ಬಿ ವೀರಣ್ಣನವರ ಮುಖ ಕಪ್ಪಲ್ಲಿ, ಅದರ ಕೆಳಗೆ ‘ನಾಟಕದ ಊರು ನಮ್ಮ ಗುಬ್ಬಿ’ ಅಂತ ಕೆಂಪಲ್ಲಿ. ವಾಟ್ಸಾಪಲ್ಲಿ ಜೆಪಿಜಿ ಕಳಿಸಿದ್ದಕ್ಕೆ ಅಂಗಡಿಯವರು ‘ಇದಾಗಲ್ಲ, ಸಿಡಿಆರ್ ಕೊಡಿ’ ಅಂದ್ರು. ಅದು ಕೋರಲ್ ಅನ್ನೋ ಡಿಸೈನ್ ಸಾಫ್ಟ್‌ವೇರಿನ ಫೈಲಂತೆ. ನಮ್ಮ ಹುಡುಗ ಅದೇ ಜೆಪಿಜಿನ ಕೋರಲ್‌ಗೆ ಹಾಕಿ ಸಿಡಿಆರ್ ಅಂತ ಸೇವ್ ಮಾಡಿಕೊಟ್ಟ. ಅದನ್ನೂ ವಾಪಸ್ ಕಳಿಸಿದ್ರು. ಫೋನಲ್ಲಿ ಚೆನ್ನಾಗೇ ಕಾಣುತ್ತಲ್ಲ, ತೊಂದರೆ ಎಲ್ಲಿ?

ಉತ್ತರ:
ಅಂಗಡಿಯವರು ಸರಿಯಾಗೇ ಹೇಳಿದಾರೆ ತಮ್ಮ. ಜೆಪಿಜಿ ಅಂದ್ರೆ ರಾಗಿ ಕಾಳು ಪಕ್ಕ ಪಕ್ಕ ಜೋಡಿಸಿ ಬಿಡಿಸಿದ ಚಿತ್ರ ಇದ್ದ ಹಾಗೆ. ಹಿಗ್ಗಿಸಿದ್ರೆ ಕಾಳು ಹೆಚ್ಚಾಗಲ್ಲ, ಒಂದೊಂದು ಕಾಳೇ ದಪ್ಪ ಆಗುತ್ತೆ. ಸಿಡಿಆರ್ ಚೀಲಕ್ಕೆ ತುಂಬಿದ ಮಾತ್ರಕ್ಕೆ ಆ ಕಾಳು ಗೆರೆ ಆಗಿಬಿಡಲ್ಲ. ಕೋರಲಲ್ಲಿ ವೈರ್‌ಫ್ರೇಮ್ ಅನ್ನೋ ನೋಟ ಒತ್ತಿ ನೋಡಿ: ನಿಜವಾದ ವೆಕ್ಟರ್ (ಕಾಳಿನ ಬದಲು ಗೆರೆಯಲ್ಲಿ ಬಿಡಿಸಿದ ಚಿತ್ರ) ಆದ್ರೆ ಬರೀ ಗೆರೆಗಳು ಕಾಣ್ತವೆ, ನಿಮ್ಮದು ಬೂದು ಬಣ್ಣದ ಫೋಟೋನೇ ಆಗಿ ಉಳಿದಿರುತ್ತೆ.

ಬೆನ್ನಿನ ಪ್ರಿಂಟ್ 10 ಇಂಚು ಅಗಲ ಅಂದ್ಕೊಳ್ಳಿ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 3000 ಪಿಕ್ಸೆಲ್ ಬೇಕು. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರೆ ಅದು ಕುಗ್ಗಿಸಿಬಿಡುತ್ತೆ. 900 ಪಿಕ್ಸೆಲ್ ಉಳಿದಿದ್ರೆ ಇಂಚಿಗೆ 90 ಬಿತ್ತು. ಅಂಗೈಯಗಲದ ಫೋನಲ್ಲಿ ಅದು ಗೊತ್ತಾಗಲ್ಲ, ಬೆನ್ನಗಲದ ಬಟ್ಟೆ ಮೇಲೆ ಅಕ್ಷರದ ಅಂಚು ಗರಗಸ ಆಗುತ್ತೆ. ಯಾವ ಫೈಲ್ ಆದ್ರೂ ‘ಡಾಕ್ಯುಮೆಂಟ್’ ಅಂತಲೇ ಕಳಿಸಿ.

70 ಶರ್ಟು, ಎರಡೇ ಬಣ್ಣ. ಇದು ಸ್ಕ್ರೀನ್ ಪ್ರಿಂಟಿಂಗ್ ಕೆಲಸ, ಅಂದ್ರೆ ಚೌಕಟ್ಟಿಗೆ ಬಿಗಿದ ಜಾಲರಿ ಮೂಲಕ ಇಂಕ್ ಒತ್ತೋದು. ಬಣ್ಣಕ್ಕೊಂದು ಫಿಲ್ಮ್, ಬಣ್ಣಕ್ಕೊಂದು ಸ್ಕ್ರೀನ್. ಕಪ್ಪು ಬೇರೆ, ಕೆಂಪು ಬೇರೆ ತೆಗೀಬೇಕು, ಅದಕ್ಕೇ ಸಿಡಿಆರ್, ಎಐ (ಇಲಸ್ಟ್ರೇಟರ್ ಸಾಫ್ಟ್‌ವೇರಿನ ಫೈಲ್), ಇಪಿಎಸ್ ಅಥವಾ ವೆಕ್ಟರ್ ಇರೋ ಪಿಡಿಎಫ್ ಕೇಳೋದು. ಇವುಗಳಲ್ಲಿ ಯಾವುದಾದ್ರೂ ನಡೆಯುತ್ತೆ. ಸಿಡಿಆರ್ ಆದ್ರೆ ಅಂಗಡೀಲಿ ಯಾವ ವರ್ಷನ್ ಇದೆ ಅಂತ ಕೇಳಿ, ಅದಕ್ಕಿಳಿಸಿ ಸೇವ್ ಮಾಡಿ. ಹೊಸ ವರ್ಷನ್ನಿನ ಫೈಲ್ ಹಳೇ ಕೋರಲಲ್ಲಿ ತೆರೆಯೋದೇ ಇಲ್ಲ.

ಇನ್ನು ಮುಖ. ವೀರಣ್ಣನವರು ತೀರಿಕೊಂಡಿದ್ದು 1972ರಲ್ಲಿ, ನಿಮಗೆ ಸಿಗೋದು ಹಳೇ ಕಪ್ಪುಬಿಳುಪು ಫೋಟೋ. ಆಟೋ ಟ್ರೇಸ್ (ಫೋಟೋನ ಕಂಪ್ಯೂಟರೇ ಗೆರೆ ಮಾಡೋದು) ಒತ್ತಬೇಡಿ, ಕಣ್ಣು ಕೆಟ್ಟುಹೋಗುತ್ತೆ, ಅವರ ಮುಖ ಅವರದಾಗಿ ಉಳಿಯಲ್ಲ. ಚಿತ್ರ ಬಿಡಿಸೋರ ಹತ್ತಿರ ಕೂತು ನೆರಳು-ಬೆಳಕನ್ನ ಅಪ್ಪಟ ಕಪ್ಪು ಗೆರೆಯಲ್ಲಿ ಬಿಡಿಸಿಸಿ. ಆಗದಿದ್ರೆ ಸಿಕ್ಕಿದ್ದರಲ್ಲಿ ದೊಡ್ಡ ಸ್ಕ್ಯಾನ್ ಕೊಡಿ, ಅಂಗಡಿಯವರೇ ಹಾಫ್‌ಟೋನ್ ಚುಕ್ಕೆ (ದಪ್ಪ, ಸಣ್ಣ ಚುಕ್ಕೆಯಲ್ಲೇ ನೆರಳು ತೋರಿಸೋದು) ಮಾಡ್ಕೋತಾರೆ. ಅದಕ್ಕೆ ಇಂಚಿಗೆ 200 ಇದ್ದರೂ ಸುಧಾರಿಸಬಹುದು. ಅಕ್ಷರಕ್ಕೆ ಮಾತ್ರ ಆ ರಿಯಾಯಿತಿ ಇಲ್ಲ.

ಅಕ್ಷರದ ವಿಷಯ ಸ್ವಲ್ಪ ನಿಧಾನವಾಗಿ ಓದಿ. ನುಡಿ, ಬರಹದ ಹಳೇ ಫಾಂಟಲ್ಲಿ ಟೈಪ್ ಮಾಡಿ ಹಾಗೇ ಕಳಿಸಿದ್ರೆ, ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಕನ್ನಡದ ಬದಲು ತಲೆ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರ ಬರ್ತವೆ. ಅದು ಎಲ್ಲರ ಕಣ್ಣಿಗೂ ಬೀಳುತ್ತೆ, ತಿದ್ದಬಹುದು. ಯೂನಿಕೋಡಿನ ಕನ್ನಡ (ಫೋನಲ್ಲಿ ಟೈಪ್ ಮಾಡೋ ಥರದ್ದು) ಹಳೇ ಕೋರಲಲ್ಲಿ ಒಡೆದಾಗ ಹಾಗಲ್ಲ, ನೋಡೋಕೆ ಕನ್ನಡವೇ, ಆದ್ರೆ ಒತ್ತು ಕಳಚಿ ಪಕ್ಕಕ್ಕೆ ನಿಂತಿರುತ್ತೆ. ನಮ್ಮಲ್ಲೇ ಒಮ್ಮೆ ಜಾತ್ರೆಗೆ 40 ಶರ್ಟ್ ಹಾಗೆ ಅಚ್ಚಾಗಿಬಿಟ್ಟವು. ದುಡ್ಡು ವಾಪಸ್ ಕೊಟ್ಟೆ, ಆದ್ರೆ ತೇರಿನ ದಿನಕ್ಕೆ ಶರ್ಟ್ ಕೊಡೋಕಾಗ್ಲಿಲ್ಲ. ಆ ಸಂಕಟ ಇನ್ನೂ ಇದೆ. ಅದಕ್ಕೇ ಹೇಳ್ತೀನಿ, ಟೈಪ್ ಮಾಡಿದ ಕಂಪ್ಯೂಟರಲ್ಲೇ ಅಕ್ಷರ ಆಯ್ಕೆ ಮಾಡಿ ಕಂಟ್ರೋಲ್-ಕ್ಯೂ ಒತ್ತಿ, ಕರ್ವ್ಸ್ ಮಾಡಿ. ಆಮೇಲೆ ಅದು ಬರೀ ಆಕಾರ, ಫಾಂಟ್ ಇದ್ರೂ ಇಲ್ದಿದ್ರೂ ಕೆಡಲ್ಲ. ಕರ್ವ್ಸ್ ಮಾಡಿದ ಮೇಲೆ ಕಾಗುಣಿತ ತಿದ್ದೋಕಾಗಲ್ಲ, ಟೈಪ್ ಮಾಡಿದ ಮೂಲ ಫೈಲ್ ಬೇರೆ ಇಟ್ಕೊಳ್ಳಿ.

ಪ್ರಶ್ನೆ (ತಿಪಟೂರಿನಿಂದ):
ಸರ್, ನಂದು ಕಪ್ಪು ಶರ್ಟ್, 8 ಪೀಸ್ ಮಾತ್ರ, ತುಂಬ ಬಣ್ಣ ಇದೆ. ಡಿಟಿಎಫ್ (ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಬಿಸಿಯಲ್ಲಿ ಬಟ್ಟೆಗೆ ಒತ್ತೋದು) ಮಾಡಿಸಿ ಅಂದಿದಾರೆ. ಅದಕ್ಕೂ ವೆಕ್ಟರ್ರೇ ಬೇಕಾ?

ಉತ್ತರ:
ಬೇಡಮ್ಮ. ಪಿಎನ್‌ಜಿ ಸಾಕು, ಆದ್ರೆ ಪ್ರಿಂಟಾಗೋ ಅಳತೆಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ, ಹಿನ್ನೆಲೆ ಖಾಲಿ ಇರಲಿ. ಜೆಪಿಜಿಗೆ ಖಾಲಿ ಹಿನ್ನೆಲೆ ಅನ್ನೋದೇ ಇಲ್ಲ, ಕಪ್ಪು ಶರ್ಟ್ ಮೇಲೆ ಬಿಳಿ ಚೌಕ ಸಮೇತ ಬರುತ್ತೆ. ಹೊಳಪಿನ ಮಂಜು, ಮೆಲ್ಲಗೆ ಕರಗೋ ನೆರಳು ಇದ್ರೆ ತೆಗೆಸಿ. ಡಿಟಿಎಫಲ್ಲಿ ಬಣ್ಣದ ಹಿಂದೆ ಬಿಳಿ ಇಂಕ್ ಬೀಳುತ್ತೆ, ಆ ಕರಗೋ ಅಂಚಲ್ಲಿ ಅದು ಕೊಳಕಾಗಿ ಇಣುಕುತ್ತೆ. ಸಬ್ಲಿಮೇಶನ್ (ಬಿಸಿಯಲ್ಲಿ ಬಣ್ಣನ ನೂಲಿಗೇ ಇಳಿಸೋದು) ಮಾಡಿಕೊಡ್ತೀವಿ ಅಂದ್ರೆ ಒಪ್ಪಬೇಡಿ, ಅದು ತಿಳಿ ಬಣ್ಣದ ಪಾಲಿಯೆಸ್ಟರ್ ಬಟ್ಟೆಗೆ ಮಾತ್ರ.

ಪ್ರಶ್ನೆ (ಗುಬ್ಬಿಯಿಂದ, ಮತ್ತೆ):
ಅಣ್ಣ, ಅಕ್ಷರದ ಡಿಸೈನ್ ಕ್ಯಾನ್ವಾ ಆ್ಯಪಲ್ಲಿ ಮಾಡಿದ್ದು. ಕೋರಲ್ ನಮ್ಮ ಹತ್ರ ಇಲ್ಲ, ಆ ಹುಡುಗನೂ ಊರಲ್ಲಿಲ್ಲ.

ಉತ್ತರ:
ಹಾಗಾದ್ರೆ ಸುಲಭ ಆಯ್ತು. ಡೌನ್‌ಲೋಡಲ್ಲಿ ‘ಪಿಡಿಎಫ್ ಪ್ರಿಂಟ್’ ಆರಿಸಿ, ಫ್ಲಾಟನ್ ಅನ್ನೋದಕ್ಕೆ ಟಿಕ್ ಹಾಕಬೇಡಿ, ಹಾಕಿದ್ರೆ ಎಲ್ಲ ಸೇರಿ ಮತ್ತೆ ಫೋಟೋ ಆಗಿಬಿಡುತ್ತೆ. ಅಂಗಡಿಯವರಿಗೆ ‘ಇಂಪೋರ್ಟ್ ಮಾಡುವಾಗ ಟೆಕ್ಸ್ಟನ್ನ ಕರ್ವ್ಸ್ ಆಗಿ ತಗೊಳ್ಳಿ’ ಅಂತ ಹೇಳಿ, ಆಗ ಕನ್ನಡ ಒಡೆಯಲ್ಲ. ಜೊತೆಗೆ ಅದೇ ಡಿಸೈನಿನ ಒಂದು ಪಿಎನ್‌ಜಿನೂ ಕಳಿಸಿ. ಅದು ಪ್ರಿಂಟಿಗಲ್ಲ, ಪಕ್ಕದಲ್ಲಿಟ್ಟು ಹೋಲಿಸೋಕೆ. ಫಿಲ್ಮ್ ತೆಗೆಯೋ ಮುಂಚೆ ಪ್ರೂಫ್ ತರಿಸಿಕೊಳ್ಳಿ. ‘ನಮ್ಮ’ದ ಮ-ಒತ್ತು, ‘ಗುಬ್ಬಿ’ಯ ಬ-ಒತ್ತು ಎರಡೂ ಜಾಗದಲ್ಲಿವೆಯಾ ಅಂತ ನೀವೇ ಓದಿ, ಆಮೇಲೆ ‘ಸರಿ’ ಅನ್ನಿ. ಸ್ಕ್ರೀನ್ ಎಕ್ಸ್‌ಪೋಸ್ ಆದ ಮೇಲೆ (ಫಿಲ್ಮ್ ಇಟ್ಟು ಬೆಳಕು ಬಿಟ್ಟು ಡಿಸೈನ್ ಇಳಿಸಿದ ಮೇಲೆ) ಗೊತ್ತಾದ್ರೆ ಹೊಸ ಫಿಲ್ಮ್, ಹೊಸ ಸ್ಕ್ರೀನ್, ಆ ಖರ್ಚು ನಿಮ್ಮ ಮೇಲೇ ಬರುತ್ತೆ.

ಗುಬ್ಬಿಯಿಂದ:
ಪ್ರೂಫ್ ಬಂತು ಅಣ್ಣ. ಬ-ಒತ್ತು ಸರಿ ಇದೆ, ಮ-ಒತ್ತು ಪಕ್ಕಕ್ಕೆ ಸರಿದಿತ್ತು. ವಾಪಸ್ ಕಳಿಸಿದೀನಿ.